ಐಸ್ ಪ್ಲಾಂಟ್ ನಡೆಸಿದವರಿಗೆ ಸರ್ಕಾರಿ ಕಚೇರಿಯಲ್ಲಿ ಏನು ಕೆಲಸ?

ಪ್ರಶ್ನೆ: ಕಾರವಾರದಲ್ಲಿ ನಮ್ಮದೊಂದು ಐಸ್ ಪ್ಲಾಂಟ್ ಇದೆ. ಮೀನು ಸಾಗಿಸುವ ಗಾಡಿಗಳೂ ಇವೆ. ಇಪ್ಪತ್ತು ವರ್ಷದಿಂದ ಇದೇ ಕೆಲಸ. ಸರ್ಕಾರ ಮೀನುಗಾರರಿಗೆ ಏನೇ ಯೋಜನೆ ಮಾಡಿದರೂ ಈ ಕಸುಬು ಗೊತ್ತಿದ್ದವರನ್ನು ಒಂದು ಮಾತು ಕೇಳುವುದಿಲ್ಲ. ಅಮೆರಿಕದಲ್ಲಿ, ದಿಲ್ಲಿಯಲ್ಲಿ ಉದ್ಯಮಿಗಳನ್ನು ಒಂದೆರಡು ವರ್ಷಕ್ಕೆ ಸರ್ಕಾರದ ಒಳಗೇ ಕರೆದು ಕೂರಿಸುತ್ತಾರೆ ಎಂದು ಓದಿದೆ. ನಮ್ಮ ಜಿಲ್ಲೆಯಲ್ಲಿ ಯಾಕಾಗಬಾರದು? ಈಚೆಗೆ ಒಬ್ಬ ಅಧಿಕಾರಿ, "ನೀವೇ ಆರು ತಿಂಗಳು ಸಲಹೆಗಾರರಾಗಿ ಬನ್ನಿ, ಬಂದರಿನ ಕೆಲಸ ನೋಡಿ" ಅಂದರು. ಹೋಗಲೇ? ಈಗ ಪ್ಲಾಂಟ್ ನೋಡಿಕೊಳ್ಳುವುದು ಮಗ. ಅದರಿಂದ ಏನಾದರೂ ತೊಂದರೆ ಇದೆಯೇ?

ಉತ್ತರ: ಚುಟುಕಾಗಿ ಮೊದಲೇ ಹೇಳಿಬಿಡುತ್ತೇನೆ. ಹೋಗಬಹುದು. ಆದರೆ ಯಾವ ಕೆಲಸ, ಎಷ್ಟು ದಿನದಲ್ಲಿ, ಯಾವ ಅಧಿಕಾರಿಯ ಜೊತೆ ಎಂದು ಬರವಣಿಗೆಯಲ್ಲಿ ಕೊಟ್ಟರೆ ಮಾತ್ರ ಹೋಗಿ. ಸುಮ್ನೆ "ಸಲಹೆಗಾರರು" ಅಂದರೆ ಬೇಡ. ಮಗನ ವಿಷಯವನ್ನು ನೀವು ಕೊನೆಯಲ್ಲಿ ಸಣ್ಣದಾಗಿ ಕೇಳಿದ್ದೀರಿ. ನನಗೆ ಕಂಡಂತೆ ನಿಮ್ಮ ಪತ್ರದಲ್ಲಿ ಅದೇ ದೊಡ್ಡ ಪ್ರಶ್ನೆ. ಅದಕ್ಕೆ ನಿಧಾನವಾಗಿ ಬರುತ್ತೇನೆ.

ನಾನು ಮೊದಲು ಸರ್ಕಾರಿ ಕಚೇರಿಯಲ್ಲಿ ಫೈಲ್ ನೋಡಿದವನು. ಆಮೇಲೆ ಶಿರಸಿಯಲ್ಲಿ ಕೂತು ಸಣ್ಣ ಉದ್ಯಮಿಗಳಿಗೆ ಟೆಂಡರ್ ಕಾಗದ, ಸಾಲದ ಕಾಗದ ಮಾಡಿಕೊಟ್ಟವನು. ಹಾಗಾಗಿ ಎರಡೂ ಕಡೆಯ ಬೈಗುಳ ಕೇಳಿದ್ದೇನೆ. "ಅವರಿಗೆ ಏನೂ ಗೊತ್ತಿಲ್ಲ" ಎಂದು ಉದ್ಯಮಿಗಳು, "ಅವರಿಗೆ ಅವರದ್ದೇ ಲಾಭ" ಎಂದು ಅಧಿಕಾರಿಗಳು. ಎರಡರಲ್ಲೂ ಅಷ್ಟಿಷ್ಟು ನಿಜ ಇದೆ. ನಿಮ್ಮ ಕಸುಬಿನದ್ದೇ ಒಂದು ಉದಾಹರಣೆ ಕೊಡುತ್ತೇನೆ.

ನಮ್ಮ ಕರಾವಳಿಯದ್ದೇ ಒಂದು ಚಿಕ್ಕ ಬಂದರು, ಹೆಸರು ಬೇಡ. ಅಲ್ಲಿ ಸರ್ಕಾರಿ ದುಡ್ಡಿನಲ್ಲಿ ಐಸ್ ಪ್ಲಾಂಟ್ ಕಟ್ಟಿದರು. ಕಟ್ಟಡ ಗಟ್ಟಿ, ಯಂತ್ರ ಹೊಸದು. ನಡೆಸಲು ಗುತ್ತಿಗೆಗೆ ಕೊಡಬೇಕೆಂದು ಟೆಂಡರ್ ಕರೆದರು. ಯಾರೂ ಬರಲಿಲ್ಲ. ಮತ್ತೆ ಕರೆದರು, ಆಗಲೂ ಇಲ್ಲ. "ಸ್ಥಳೀಯ ಉದ್ಯಮಿಗಳಿಗೆ ಆಸಕ್ತಿ ಇರುವುದಿಲ್ಲ" ಎಂದು ಫೈಲಿನಲ್ಲಿ ಷರಾ ಬಿತ್ತು. ಆಮೇಲೆ ವರ್ಗವಾಗಿ ಬಂದ ಒಬ್ಬ ಅಧಿಕಾರಿ ಪಕ್ಕದ ತಾಲ್ಲೂಕಿನ ಐಸ್ ಪ್ಲಾಂಟ್ ಮಾಲೀಕರೊಬ್ಬರನ್ನು ಕರೆಸಿ, ಟೆಂಡರ್ ಷರತ್ತಿನ ಹಾಳೆಗಳನ್ನು ಅವರ ಕೈಗೆ ಕೊಟ್ಟರು. ನಾನೂ ಅಲ್ಲಿದ್ದೆ. ಅವರು ಕನ್ನಡಕ ಹಾಕಿಕೊಂಡು ಒಂದೊಂದೇ ಹಾಳೆ ತಿರುವಿದರು. ಬಾಡಿಗೆಯ ಕಲಮಿನ ಮೇಲೆ ಬೆರಳಿಟ್ಟು, "ಸಾಹೇಬ್ರೆ, ಜೂನ್ ಜುಲೈ ಬಾಡಿಗೆ ಯಾರು ಕೊಡ್ತಾರೆ?" ಅಂದರು.

ನಿಮಗೆ ಬಿಡಿಸಿ ಹೇಳಬೇಕಿಲ್ಲ. ಓದುವ ಬೇರೆಯವರಿಗಾಗಿ ಹೇಳುತ್ತೇನೆ. ನಮ್ಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಯಾಂತ್ರೀಕೃತ ದೋಣಿಗಳು ಕಡಲಿಗೆ ಇಳಿಯುವಂತಿಲ್ಲ. ದೋಣಿ ದಡದಲ್ಲಿದ್ದರೆ ಐಸ್ ಯಾರಿಗೆ ಬೇಕು? ಆದರೆ ಷರತ್ತಿನಲ್ಲಿ ಬಾಡಿಗೆ 12 ಸಮ ಕಂತು. ಕಂತು ತಪ್ಪಿದರೆ ದಂಡ. ಅದರ ಮೇಲೆ ಹೆಸ್ಕಾಂನ ಕರೆಂಟ್ ಬಿಲ್. ಯಂತ್ರ ತಿರುಗದಿದ್ದರೂ ಮಂಜೂರಾದ ಲೋಡಿಗೆ ನಿಗದಿತ ಶುಲ್ಕ ಬರುತ್ತಲೇ ಇರುತ್ತದೆ. ಅಂದರೆ ವರ್ಷದಲ್ಲಿ ಎರಡು ತಿಂಗಳು ಒಂದು ರೂಪಾಯಿ ದುಡಿಯದೆ ಎರಡು ಕಡೆ ದುಡ್ಡು ಕಟ್ಟಬೇಕು.

ಇನ್ನೊಂದು ದೋಷವನ್ನೂ ಅವರೇ ತೋರಿಸಿದರು. ಬ್ಲಾಕ್ ಐಸ್ ಕಟ್ಟಲು ಹೆಚ್ಚುಕಡಿಮೆ ಒಂದು ದಿನ ಬೇಕು. ಬಂಗಡೆ ಸಿಕ್ಕಾಪಟ್ಟೆ ಬಿದ್ದ ದಿನ ಎಲ್ಲ ದೋಣಿಗೂ ಒಟ್ಟಿಗೇ ಐಸ್ ಬೇಕು. ನಮ್ಮಂಥ ಸೆಕೆಯ ಊರಲ್ಲಿ ಒಂದು ಕೆಜಿ ಮೀನಿಗೆ ಒಂದು ಕೆಜಿ ಐಸ್ ಎಂಬ ಲೆಕ್ಕ ಇದೆ. ಹಾಗಾಗಿ ದಿನಕ್ಕೆ ಎಷ್ಟು ಟನ್ ಕಟ್ಟುತ್ತೀರಿ ಎನ್ನುವುದಕ್ಕಿಂತ, ಎಷ್ಟು ಟನ್ ಕಟ್ಟಿ ಇಟ್ಟುಕೊಂಡಿರಬಲ್ಲಿರಿ ಎನ್ನುವುದು ಮುಖ್ಯ. ಇಲ್ಲಿ ಯಂತ್ರ ದೊಡ್ಡದು, ದಾಸ್ತಾನು ಕೋಣೆ ಚಿಕ್ಕದು. "ಇದನ್ನು ಯಾರು ಹೇಳಿ ಮಾಡಿಸಿದ್ದು?" ಎಂದು ಅವರು ಕೇಳಿದರು. ಯಾರೂ ಉತ್ತರ ಕೊಡಲಿಲ್ಲ. ಅಂದಾಜುಪಟ್ಟಿ ಮಾಡಿದ ಎಂಜಿನಿಯರ್ ಕಟ್ಟಡ ಬಲ್ಲವರು. ಐಸ್ ಮಾರಿದವರಲ್ಲ.

ಇಷ್ಟು ಹೇಳಲು ಅವರಿಗೆ ಒಂದು ಚಹಾ ಕುಡಿಯುವಷ್ಟು ಹೊತ್ತು ಸಾಕಾಯಿತು. ಅದನ್ನು ಕಾಗದದಲ್ಲಿ ಸರಿ ಮಾಡುವಷ್ಟರಲ್ಲಿ ಮುಂದಿನ ಮಳೆಗಾಲ ಬಂತು. ಇಲ್ಲಿ ನಿಮಗೆ ಸಿಟ್ಟು ಬರುತ್ತದೆ, ಗೊತ್ತು. ಆದರೆ ಅಧಿಕಾರಿಯ ಕಡೆಯಿಂದಲೂ ನೋಡಿ. ಆ ಬಾಡಿಗೆ ಅವರು ಹಾಕಿದ್ದಲ್ಲ, ಲೋಕೋಪಯೋಗಿ ಇಲಾಖೆ ಲೆಕ್ಕ ಹಾಕಿ ಕೊಟ್ಟದ್ದು. ಒಬ್ಬ ವ್ಯಾಪಾರಿಯ ಮಾತು ಕೇಳಿ ಅದನ್ನು ಇಳಿಸಿದರೆ ಆಡಿಟ್‌ನವರು "ಸರ್ಕಾರಕ್ಕೆ ನಷ್ಟ" ಎಂದು ಆಕ್ಷೇಪಣೆ ಬರೆಯುತ್ತಾರೆ. ಅದೇ ವ್ಯಾಪಾರಿಯ ನೆಂಟರಿಗೆ ಗುತ್ತಿಗೆ ಸಿಕ್ಕಿತೋ, ಮುಗಿಯಿತು. ನಿವೃತ್ತಿಯಾದ ಮೇಲೂ ಆ ಫೈಲ್ ಬೆನ್ನು ಬಿಡುವುದಿಲ್ಲ.

ಆ ಅಧಿಕಾರಿ ಜಾಣರು. ಕರಾವಳಿಯ ಐಸ್ ಪ್ಲಾಂಟ್ ಮಾಲೀಕರನ್ನೆಲ್ಲ ನೋಟಿಸ್ ಹಾಕಿ ಸಭೆಗೆ ಕರೆದರು. ಎಲ್ಲರ ಎದುರು ಅದೇ ಮಾತು ಬಂತು. ಅದನ್ನು ನಡಾವಳಿಯಲ್ಲಿ, ಅಂದರೆ ಸಭೆಯ ಅಧಿಕೃತ ದಾಖಲೆಯಲ್ಲಿ, ಬರೆಸಿದರು. ಮಳೆಗಾಲದ ಕರೆಂಟ್ ಬಿಲ್ಲುಗಳ ಪ್ರತಿ ಲಗತ್ತಿಸಿದರು. ವರ್ಷದ ಬಾಡಿಗೆ ಮೊತ್ತ ಮುಟ್ಟಲಿಲ್ಲ. ಆಗಸ್ಟ್‌ನಿಂದ ಮೇ ವರೆಗೆ ಹತ್ತು ಕಂತು, ನಿಷೇಧದ ತಿಂಗಳಲ್ಲಿ ದಂಡ ಇಲ್ಲ ಎಂದು ಮಾತ್ರ ಬದಲಿಸಿ ಮೇಲಕ್ಕೆ ಪ್ರಸ್ತಾವ ಕಳಿಸಿದರು. ಮೊತ್ತ ಕಡಿಮೆಯಾಗದ ಕಾರಣ "ನಷ್ಟ" ಎಂದು ಯಾರೂ ಹೇಳುವಂತಿರಲಿಲ್ಲ. ಮುಂದಿನ ಟೆಂಡರಿಗೆ ಅರ್ಜಿ ಬಂತು.

ಸರ್ಕಾರಕ್ಕೆ ಉದ್ಯಮಿಯ ಅನುಭವ ಬೇಕು ಎಂದರೆ ನನ್ನ ಪ್ರಕಾರ ಇಷ್ಟೇ ಅರ್ಥ. ಜೂನ್ ತಿಂಗಳ ಬಾಡಿಗೆಯ ಪ್ರಶ್ನೆ ಕೇಳುವವರು ಬೇಕು. "ದಕ್ಷತೆ", "ವೇಗ" ಅಂತೆಲ್ಲ ಹೇಳುತ್ತಾರಲ್ಲ, ಅದನ್ನು ನಾನು ಅಷ್ಟಾಗಿ ನಂಬುವುದಿಲ್ಲ. ಖಾಸಗಿ ಕಂಪನಿಗಳಲ್ಲೂ ಮೈಗಳ್ಳರು ಬೇಕಾದಷ್ಟು ಜನ ಇದ್ದಾರೆ. ಒಂದು ಕಸುಬಿನಲ್ಲಿ ಸ್ವಂತ ದುಡ್ಡು ಹಾಕಿ ಕೈ ಸುಟ್ಟುಕೊಂಡವರಿಗೆ ತಿಳಿಯುವ ಕೆಲವು ವಿಷಯಗಳಿವೆ. ಸರ್ಕಾರಕ್ಕೆ ಬೇಕಾದದ್ದು ಅವು. ಆದರೆ ಆ ಮಾತು ಸರ್ಕಾರದೊಳಗೆ ಉಳಿಯಬೇಕಾದರೆ ನಡಾವಳಿ ಬರೆಸಲು ಗೊತ್ತಿರುವ ಒಬ್ಬ ಅಧಿಕಾರಿ ಜೊತೆಗಿರಬೇಕು. ಜೋಡಿಯಲ್ಲಿ ಒಬ್ಬರಿಲ್ಲದಿದ್ದರೂ ಕೆಲಸ ಆಗುವುದಿಲ್ಲ.

ದೊಡ್ಡ ಮಟ್ಟದಲ್ಲಿ ನಡೆದದ್ದೂ ಇದೇ. ನಂದನ್ ನಿಲೇಕಣಿ ಹುಟ್ಟಿದ್ದು ಬೆಂಗಳೂರಾದರೂ ಮನೆತನದ ಮೂಲ ನಮ್ಮ ಶಿರಸಿ. ನಿಲೇಕಣಿ ಎಂಬ ಊರೇ ಶಿರಸಿಗೆ ತಾಗಿಕೊಂಡಿದೆ. ಅವರು 2009ರಲ್ಲಿ ಇನ್ಫೋಸಿಸ್ ಬಿಟ್ಟು ಆಧಾರ್ ಪ್ರಾಧಿಕಾರದ ಅಧ್ಯಕ್ಷರಾದರು. 2010ರ ಸೆಪ್ಟೆಂಬರ್ 29ರಂದು ಮಹಾರಾಷ್ಟ್ರದ ನಂದುರ್ಬಾರ್ ಜಿಲ್ಲೆಯ ತೆಂಭ್ಲಿ ಎಂಬ ಹಳ್ಳಿಯಲ್ಲಿ ಮೊದಲ ಆಧಾರ್ ಸಂಖ್ಯೆ ಕೊಟ್ಟರು. ಒಂದೇ ವರ್ಷ ಚಿಲ್ಲರೆಯಲ್ಲಿ ಅಷ್ಟು ದೂರ ಬಂದದ್ದು ದೊಡ್ಡ ಮಾತೇ. ಎಲ್ಲರೂ ನಿಲೇಕಣಿ ಹೆಸರು ಹೇಳುತ್ತಾರೆ. ಪಕ್ಕದಲ್ಲೇ ಮಹಾನಿರ್ದೇಶಕರಾಗಿ ಆರ್. ಎಸ್. ಶರ್ಮಾ ಎಂಬ ಐಎಎಸ್ ಅಧಿಕಾರಿ ಕೂತಿದ್ದರು ಎಂಬುದನ್ನು ಮರೆಯುತ್ತಾರೆ. ನಾನು ಹೇಳಿದ ಜೋಡಿ ಅಂದರೆ ಅದು.

ಆದರೆ ಅದೇ ಕತೆಯಲ್ಲಿ ಇನ್ನೊಂದು ಪಾಠವೂ ಇದೆ. ಕೆಲಸ ಶುರುವಾದದ್ದು 2009ರ ಸರ್ಕಾರಿ ಅಧಿಸೂಚನೆಯ ಮೇಲೆ. ಕಾಯ್ದೆ ಬಂದದ್ದು 2016ರಲ್ಲಿ. ಅಷ್ಟರೊಳಗೆ ಕೋಟಿಗಟ್ಟಲೆ ಜನರ ಬೆರಳಚ್ಚು ಸೇರಿತ್ತು. ಕೊನೆಗೆ 2018ರ ಸೆಪ್ಟೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಯಾವುದಕ್ಕೆ ಆಧಾರ್ ಕೇಳಬಹುದು, ಯಾವುದಕ್ಕೆ ಕೇಳಬಾರದು ಎಂದು ಗೆರೆ ಎಳೆಯಬೇಕಾಯಿತು. ವ್ಯಾಪಾರದಲ್ಲಿ ಮೊದಲು ಮಾಡಿ ಆಮೇಲೆ ಸರಿ ಮಾಡಿಕೊಳ್ಳಬಹುದು. ಸರ್ಕಾರ ಹಾಗೆ ಮಾಡಿದರೆ ಪಡಿತರ ತಪ್ಪಿದ ಅಜ್ಜಿಗೆ ಆಮೇಲೆ ಸರಿಯಾದರೆ ಏನು ಉಪಯೋಗ?

ಅದಕ್ಕೂ ಮುಂಚೆ, 1999ರಲ್ಲಿ, ಎಸ್. ಎಂ. ಕೃಷ್ಣ ಮುಖ್ಯಮಂತ್ರಿಯಾಗಿದ್ದಾಗ ಬೆಂಗಳೂರಿಗೆ ಒಂದು ಕಾರ್ಯಪಡೆ ಮಾಡಿ ಅದಕ್ಕೂ ನಿಲೇಕಣಿಯವರನ್ನೇ ಮುಖ್ಯಸ್ಥರನ್ನಾಗಿ ಮಾಡಿದ್ದರು. ಉದ್ಯಮಿಗಳು, ಊರಿನ ಪ್ರಮುಖರು ಇದ್ದ ಪಡೆ. "ಆರಿಸಿ ಬಂದ ಕಾರ್ಪೊರೇಟರ್‌ಗಳನ್ನು ಬದಿಗೆ ಸರಿಸಿ ಇವರ್ಯಾರು?" ಎಂಬ ತಕರಾರು ಆಗಲೇ ಇತ್ತು. ಅದು ಸುಳ್ಳು ತಕರಾರೂ ಅಲ್ಲ. 2004ರಲ್ಲಿ ಸರ್ಕಾರ ಬದಲಾಯಿತು, ಕಾರ್ಯಪಡೆ ಮುಗಿಯಿತು. ಆದರೆ ಆ ಕಾಲದಲ್ಲಿ, 2000ದಲ್ಲಿ, ಬಂದ ಒಂದು ಪದ್ಧತಿ ಉಳಿಯಿತು. ಮನೆ ಮಾಲೀಕರೇ ಅಳತೆ ಲೆಕ್ಕ ಹಾಕಿ ಆಸ್ತಿ ತೆರಿಗೆ ಕಟ್ಟುವ ಪದ್ಧತಿ. ಯಾಕೆ ಉಳಿಯಿತು? ಅದು ಪಾಲಿಕೆಯ ನಿಯಮದ ಒಳಗೆ ಸೇರಿಕೊಂಡಿತ್ತು. ನೀವು ಆರು ತಿಂಗಳು ಕೂತು ಎದ್ದ ಮೇಲೆ ಏನು ಉಳಿಯಬೇಕು ಎಂದು ಯೋಚಿಸುವಾಗ ಇದನ್ನು ನೆನಪಿಟ್ಟುಕೊಳ್ಳಿ.

ನನಗೆ ಇಷ್ಟವಾದ ಉದಾಹರಣೆ ಇವೆರಡೂ ಅಲ್ಲ. ನಮ್ಮ ಹಳಿಯಾಳದಿಂದ ಬಹಳ ದೂರವಲ್ಲದ ಕಿತ್ತೂರಿನದು. ಅಮೆರಿಕದಲ್ಲಿ ಟೆಲಿಫೋನ್ ಸ್ವಿಚ್ (ಕರೆಗಳನ್ನು ಜೋಡಿಸುವ ಯಂತ್ರ) ಕಂಪನಿ ಕಟ್ಟಿ ಮಾರಿ ಬಂದಿದ್ದ ಸ್ಯಾಮ್ ಪಿತ್ರೋಡಾ ಜೊತೆಯಾಗಿ 1984ರಲ್ಲಿ ಸಿ-ಡಾಟ್ ಎಂಬ ಸರ್ಕಾರದ ಟೆಲಿಫೋನ್ ಸಂಶೋಧನಾ ಸಂಸ್ಥೆ ಶುರುವಾಯಿತು. ವಿದೇಶಿ ಟೆಲಿಫೋನ್ ಎಕ್ಸ್‌ಚೇಂಜ್‌ಗಳಿಗೆ ಎಸಿ ಕೋಣೆ ಬೇಕಿತ್ತು. ನಮ್ಮ ಹಳ್ಳಿಗಳಲ್ಲಿ ಎಸಿ ಎಲ್ಲಿಂದ ತರುವುದು? ಸೆಕೆ, ಧೂಳು ತಡೆದುಕೊಳ್ಳುವ 128 ಲೈನಿನ ಚಿಕ್ಕ ಎಕ್ಸ್‌ಚೇಂಜ್ ಮಾಡಿದರು. ಅಂಥ ಮೊದಲ ಹಳ್ಳಿ ಎಕ್ಸ್‌ಚೇಂಜ್ ಕೂತದ್ದು 1986ರಲ್ಲಿ, ಕಿತ್ತೂರಿನಲ್ಲಿ. ಇಲ್ಲಿ ಹೊರಗಿನವರಿಗೆ ಕೊಟ್ಟ ಕೆಲಸ ಸ್ಪಷ್ಟವಿತ್ತು. ಹಳ್ಳಿಯಲ್ಲಿ ನಡೆಯುವ ಸ್ವಿಚ್ ಮಾಡಿ. ಇಲಾಖೆಯನ್ನೇ ಸುಧಾರಿಸಿ ಎಂದು ಹೇಳಿ ಕಳಿಸಿರಲಿಲ್ಲ.

ಇನ್ನು ನೀವು ಕೇಳಿದ ದಿಲ್ಲಿಯ ವಿಷಯ. ಹೊರಗಿನವರನ್ನು ನೇರವಾಗಿ ಮೇಲಿನ ಹುದ್ದೆಗೆ ತರುವುದು ಹೊಸದಲ್ಲ. 2002ರಲ್ಲಿ ಮುಂಬೈಯ ವಿದ್ಯುತ್ ಕಂಪನಿ ಬಿಎಸ್ಇಎಸ್ ನಡೆಸುತ್ತಿದ್ದ ಆರ್. ವಿ. ಶಾಹಿ ಕೇಂದ್ರದ ಇಂಧನ ಕಾರ್ಯದರ್ಶಿಯಾದರು. ಮರುವರ್ಷವೇ ಹೊಸ ವಿದ್ಯುತ್ ಕಾಯ್ದೆ ಬಂತು. 2018ರಲ್ಲಿ ಕೇಂದ್ರ ಸರ್ಕಾರ ಜಂಟಿ ಕಾರ್ಯದರ್ಶಿಯ 10 ಹುದ್ದೆಗೆ ಹೊರಗಿನವರಿಂದ ಅರ್ಜಿ ಕರೆಯಿತು. ಮೂರು ವರ್ಷದ ಕರಾರು, ಐದರವರೆಗೆ ಮುಂದುವರಿಸಬಹುದು. ಆಮೇಲಿನ ವರ್ಷಗಳಲ್ಲಿ ಹೀಗೆ 63 ಜನ ಬಂದರು. 2024ರ ಆಗಸ್ಟ್‌ನಲ್ಲಿ 45 ಹುದ್ದೆಗೆ ಜಾಹೀರಾತು ಕೊಟ್ಟರು. ಮೀಸಲಾತಿ ಎಲ್ಲಿದೆ ಎಂದು ಗಲಾಟೆಯಾಯಿತು. ಕೆಲವೇ ದಿನಗಳಲ್ಲಿ ಜಾಹೀರಾತು ವಾಪಸ್ ಹೋಯಿತು. ನ್ಯಾಯವಾದ ಪ್ರಶ್ನೆಯೇ ಅದು. ಸರ್ಕಾರಿ ಕುರ್ಚಿ ಅಂದ ಮೇಲೆ ಅದು ಯಾರಿಗೆ, ಯಾವ ದಾರಿಯಲ್ಲಿ ಸಿಗುತ್ತದೆ ಎಂದು ಜನ ಕೇಳಿಯೇ ಕೇಳುತ್ತಾರೆ. ನಮ್ಮ ಜಿಲ್ಲೆಯಲ್ಲಿ ಯಾಕೆ ಆಗಬಾರದು ಎಂದಿರಲ್ಲ, ಕಾಯಂ ಹುದ್ದೆಯ ಬದಲು ನಿಮ್ಮನ್ನು ಕೂರಿಸುವುದಾದರೆ ಇಲ್ಲೂ ಇದೇ ಪ್ರಶ್ನೆ ಏಳುತ್ತದೆ. ಒಂದು ಕೆಲಸಕ್ಕೆ, ಕೆಲವು ತಿಂಗಳಿಗೆ ಎಂದರೆ ಏಳುವುದಿಲ್ಲ.

ಅಮೆರಿಕದ ದಾರಿ ಬಹುಮಟ್ಟಿಗೆ ಈ ಎರಡನೆಯದು. 2012ರಲ್ಲಿ ಅಲ್ಲಿ ಅಧ್ಯಕ್ಷರ ಹೆಸರಿನಲ್ಲೇ ಒಂದು ಫೆಲೋಶಿಪ್ ಶುರುವಾಯಿತು. ಮೊದಲ ತಂಡದಲ್ಲಿ 18 ಜನ. ತಂತ್ರಜ್ಞರು, ಉದ್ಯಮಿಗಳು ಕೆಲವು ತಿಂಗಳ ಮಟ್ಟಿಗೆ ಇಲಾಖೆಗಳ ಒಳಗೆ ಬಂದು ಅಲ್ಲಿನ ನೌಕರರ ಜೊತೆ ಸೇರಿ ಒಂದೊಂದು ಯೋಜನೆ ಮಾಡಬೇಕಿತ್ತು. ಮರುವರ್ಷ ಅಕ್ಟೋಬರ್ 1ಕ್ಕೆ ಅಲ್ಲಿನ ಆರೋಗ್ಯ ವಿಮೆಯ ಸರ್ಕಾರಿ ವೆಬ್‌ಸೈಟ್ ತೆರೆದಾಗ ಇಡೀ ದಿನದಲ್ಲಿ ಆರೇ ಜನಕ್ಕೆ ವಿಮೆ ಮಾಡಿಸಿಕೊಳ್ಳಲು ಆಯಿತು. ದೊಡ್ಡ ಗುತ್ತಿಗೆದಾರರು ಮಾಡಿದ್ದ ಸೈಟೇ ಅದು. ಖಾಸಗಿಯವರು ಮಾಡಿದರೆ ಚೆನ್ನಾಗಿರುತ್ತದೆ ಎನ್ನುವವರು ಇದನ್ನು ನೆನಪಿಟ್ಟುಕೊಳ್ಳಬೇಕು. ಹೊರಗಿನಿಂದ ಕೆಲವು ಎಂಜಿನಿಯರುಗಳನ್ನು ಒಳಗೇ ಕೂರಿಸಿದ ಮೇಲೆ ಸೈಟ್ ಸರಿಹೋಯಿತು. 2014ರಲ್ಲಿ ಅದಕ್ಕಾಗಿಯೇ ಡಿಜಿಟಲ್ ಸೇವೆಯ ಒಂದು ವಿಭಾಗ ತೆರೆದರು.

ಆದರೆ ನಿಮ್ಮ ಮಗನ ಪ್ರಶ್ನೆಗೆ ಹತ್ತಿರವಾದದ್ದು ಅಮೆರಿಕದ ಹಳೆಯ ಕತೆ. ಎರಡನೇ ಮಹಾಯುದ್ಧದ ಹೊತ್ತಿನಲ್ಲಿ ದೊಡ್ಡ ಕಂಪನಿಗಳವರು ಸರ್ಕಾರದೊಳಗೆ ಬಂದು ವರ್ಷಕ್ಕೆ ಒಂದು ಡಾಲರ್ ಸಂಬಳಕ್ಕೆ ದುಡಿದರು. ಕೇಳಲು ಚೆಂದ. ಆದರೆ ಅವರಲ್ಲಿ ಅನೇಕರಿಗೆ ಹಳೆಯ ಕಂಪನಿಯಿಂದಲೇ ಸಂಬಳ ಬರುತ್ತಿತ್ತು. ಗುತ್ತಿಗೆ ಹೋಗುತ್ತಿದ್ದದ್ದೂ ಬಹುಪಾಲು ದೊಡ್ಡ ಕಂಪನಿಗಳಿಗೇ. 1942ರಲ್ಲಿ ಸೆನೆಟರ್ ಟ್ರೂಮನ್ ಅವರ ಸಮಿತಿ ಈ ಪದ್ಧತಿಯನ್ನು ಚೆನ್ನಾಗಿ ಝಾಡಿಸಿತು. ಇವರು ಬೇಕೆಂದೇ ಮೋಸ ಮಾಡುತ್ತಾರೆ ಎಂದು ಸಮಿತಿ ಹೇಳಲಿಲ್ಲ. ತಾವು ಬೆಳೆದ ಕಂಪನಿಯ ಕಣ್ಣಿನಿಂದಲೇ ಎಲ್ಲವನ್ನೂ ನೋಡುತ್ತಾರೆ ಎಂದಿತು. ಬಿಟ್ಟಿಯಾಗಿ ದುಡಿಯುತ್ತೇನೆ ಅಂದ ಮಾತ್ರಕ್ಕೆ ಸ್ವಹಿತ ಇಲ್ಲ ಎಂದಾಗುವುದಿಲ್ಲ.

ಈಗ ನಮ್ಮ ಕಡೆ ಬರೋಣ. ಕಸುಬು ಬಲ್ಲವರ ಕಣ್ಣು ಬೇಕು ಎಂಬುದು ಶಿರಸಿಯಲ್ಲಿ ಅಡಿಕೆ ಮಾರಿದವರಿಗೆ ಹೊಸ ವಿಷಯವೇ ಅಲ್ಲ. 1923ರಲ್ಲೇ ಬೆಳೆಗಾರರು ತೋಟಗಾರ್ಸ್ ಸೊಸೈಟಿ ಎಂಬ ಸಹಕಾರಿ ಮಾರಾಟ ಸಂಘ ಕಟ್ಟಿಕೊಂಡರು. ರಾಶಿ, ಚಾಲಿ, ಬೆಟ್ಟೆ, ಕೆಂಪುಗೋಟು, ಬಿಳಿಗೋಟು ಎಂದು ಅಡಿಕೆಯ ಬಗೆಗಳನ್ನು ಬೇರೆ ಮಾಡುವ ಕಣ್ಣು ಯಾವ ಸರ್ಕಾರಿ ಕೈಪಿಡಿಯಿಂದಲೂ ಬರುವುದಿಲ್ಲ. ರಾಜ್ಯ ಸರ್ಕಾರ 2014ರಲ್ಲಿ ಎಪಿಎಂಸಿಗಳಿಗೆ ಆನ್‌ಲೈನ್ ಹರಾಜಿನ ವ್ಯವಸ್ಥೆ ತರುವಾಗ ಸರಕು ವಿನಿಮಯ ನಡೆಸುವ ಎನ್‌ಸಿಡಿಇಎಕ್ಸ್ ಕಡೆಯವರ ಜೊತೆ ಸಮಪಾಲಿನ ಕಂಪನಿಯನ್ನೇ ಮಾಡಿತು. ತಂತ್ರಾಂಶ ಬಲ್ಲವರು ಅವರು, ಮಾರುಕಟ್ಟೆ ನಿಯಮ ಬದಲಿಸುವ ಅಧಿಕಾರ ಇವರದು. ಕೇಂದ್ರ 2016ರಲ್ಲಿ ದೇಶದ ಕೃಷಿ ಮಾರುಕಟ್ಟೆಗಳನ್ನು ಆನ್‌ಲೈನ್‌ನಲ್ಲಿ ಜೋಡಿಸುವ ಇ-ನಾಮ್ ತಂದಾಗ ನಮ್ಮ ರಾಜ್ಯದ ಈ ಅನುಭವ ಅವರ ಮುಂದಿತ್ತು. ಆದರೆ ಪರದೆಯ ಮೇಲೆ ಧಾರಣೆ ಕಾಣಿಸಿದ ಮಾತ್ರಕ್ಕೆ ದೂರದ ಖರೀದಿದಾರ ಕಣ್ಣುಮುಚ್ಚಿ ದರ ಹಾಕುತ್ತಾನೆಯೇ? ಅವನಿಗೆ ಆ ರಾಶಿಯ ದರ್ಜೆಯ ಮೇಲೆ ನಂಬಿಕೆ ಬೇಕು. ಆ ನಂಬಿಕೆ ಕಟ್ಟಲು ಅಡಿಕೆ ಕೈಯಲ್ಲಿ ಹಿಡಿದು ಕತ್ತರಿಸಿ ನೋಡುವವರೇ ಬೇಕು. ಇಂಥವರನ್ನು ಸರ್ಕಾರ ಇನ್ನೂ ಜಾಸ್ತಿ ಬಳಸಿಕೊಳ್ಳಬಹುದಿತ್ತು ಅನ್ನುವುದು ನನ್ನ ದೂರು.

ನಿಮ್ಮಂಥವರಿಗೆ ಈಗಾಗಲೇ ತೆರೆದಿರುವ ಬಾಗಿಲುಗಳಲ್ಲಿ ನಾನು ಮೊದಲು ಹೇಳುವುದು ಐಟಿಐ. 2007ರಲ್ಲಿ ಕೇಂದ್ರ ಒಂದು ಯೋಜನೆ ತಂದು ದೇಶದ 1396 ಸರ್ಕಾರಿ ಐಟಿಐಗಳನ್ನು ಉದ್ಯಮದವರ ಜೊತೆ ಸೇರಿಸಿ ಮೇಲೆತ್ತಲು ಹೊರಟಿತು. ಪ್ರತಿ ಸಂಸ್ಥೆಗೆ 2.5 ಕೋಟಿ ರೂಪಾಯಿವರೆಗೆ ಬಡ್ಡಿಯಿಲ್ಲದ ಸಾಲ. ನಡೆಸಲು ಒಂದು ವ್ಯವಸ್ಥಾಪನಾ ಸಮಿತಿ. ಅದರ ಅಧ್ಯಕ್ಷರು ಉದ್ಯಮದ ಕಡೆಯವರು, ಕಾರ್ಯದರ್ಶಿ ಪ್ರಾಂಶುಪಾಲರು. ನೋಡಿ, ಮತ್ತೆ ಜೋಡಿ. ಇಂಥ ಸಮಿತಿಗಳ ಬಗ್ಗೆ ಬಹಳ ಜನಕ್ಕೆ ಗೊತ್ತೇ ಇಲ್ಲ. ಗೊತ್ತಿದ್ದವರಲ್ಲೂ ಎಷ್ಟೋ ಜನ ಸಭೆಗೆ ಬಂದು ಬಿಸ್ಕತ್ತು ತಿಂದು ಸಹಿ ಹಾಕಿ ಹೋಗುತ್ತಾರೆ. ನಿಮ್ಮ ಪ್ಲಾಂಟ್‌ನಲ್ಲಿ ಅಮೋನಿಯಾ ಕಂಪ್ರೆಸರ್ ನೋಡಿಕೊಳ್ಳುವ ಹುಡುಗರು ಎಲ್ಲಿಂದ ಬರುತ್ತಾರೆ? ನೀವೇ ಕಲಿಸಿದವರು, ಅಲ್ವಾ? ಐಟಿಐನ ರೆಫ್ರಿಜರೇಶನ್ ವಿಭಾಗದ ಹುಡುಗರು ಕಲಿತು ಬರುವುದು ಹೆಚ್ಚಾಗಿ ಫ್ರಿಜ್, ಎಸಿ. ಅಮೋನಿಯಾ ಗ್ಯಾಸ್ ಸೋರಿದಾಗ ಯಾವ ಕಡೆ ಓಡಬೇಕು, ವಾಲ್ವ್ ಯಾವ ಕ್ರಮದಲ್ಲಿ ಮುಚ್ಚಬೇಕು ಎಂದು ಅವರಿಗೆ ನಿಮ್ಮ ಪ್ಲಾಂಟ್‌ನಲ್ಲೇ ಎರಡು ವಾರ ತೋರಿಸುವ ಏರ್ಪಾಟು ಆದರೆ ಇಡೀ ಕರಾವಳಿಗೆ ಉಪಕಾರ. ಇದಕ್ಕೆ ಯಾರ ಟೆಂಡರೂ ಬೇಕಿಲ್ಲ, ಸ್ವಹಿತದ ತಕರಾರೂ ಕಡಿಮೆ. ಹತ್ತಿರದ ಐಟಿಐ ಪ್ರಾಂಶುಪಾಲರನ್ನು ಹೋಗಿ ಕಾಣಿ.

ಇನ್ನೊಂದು, ಸಣ್ಣ ಆಹಾರ ಸಂಸ್ಕರಣಾ ಘಟಕಗಳಿಗೆ 2020ರಲ್ಲಿ ಬಂದ ಪಿಎಂಎಫ್‌ಎಂಇ ಯೋಜನೆ. ನಮ್ಮ ರಾಜ್ಯದಲ್ಲಿ ಕೃಷಿ ಉತ್ಪನ್ನಗಳ ಸಂಸ್ಕರಣೆ, ರಫ್ತು ನೋಡುವ ಸರ್ಕಾರಿ ನಿಗಮ ಕೆಪೆಕ್ ಇದನ್ನು ನೋಡಿಕೊಳ್ಳುತ್ತದೆ. ಇದರಲ್ಲಿ ಜಿಲ್ಲಾ ಸಂಪನ್ಮೂಲ ವ್ಯಕ್ತಿಗಳು ಎಂದು ಸರ್ಕಾರಿ ನೌಕರರಲ್ಲದವರನ್ನು ತೆಗೆದುಕೊಳ್ಳುತ್ತಾರೆ. ಅವರು ಘಟಕ ಹಾಕುವವರಿಗೆ ಯೋಜನಾ ವರದಿ, ಬ್ಯಾಂಕ್ ಸಾಲ, ಪರವಾನಗಿ ಎಲ್ಲದಕ್ಕೂ ಜೊತೆ ನಿಲ್ಲಬೇಕು. ಸಂಭಾವನೆ ತಿಂಗಳಿಗೆ ಇಷ್ಟು ಎಂದಲ್ಲ, ಸಾಲ ಮಂಜೂರಾದ ಅರ್ಜಿಗೆ ಇಷ್ಟು ಎಂದು. ಈ ಲೆಕ್ಕ ನನಗೆ ಹಿಡಿಸಿದೆ. ಒಣಮೀನು, ಕೋಕಂ, ಹಪ್ಪಳ ಮಾಡುವ ಹೆಂಗಸರಿಗೆ ಬೇಕಾದದ್ದು ಭಾಷಣ ಅಲ್ಲ, ಬ್ಯಾಂಕ್ ಮ್ಯಾನೇಜರ್ ಎದುರು ಕೂತು ಲೆಕ್ಕ ಹೇಳುವವರು.

ಈಗ ಆರು ತಿಂಗಳ ಕರೆ. ಆ ಅಧಿಕಾರಿಗೆ ಮೊದಲು ಒಂದು ಹಾಳೆ ಕೇಳಿ. ಅದರಲ್ಲಿ "ಬಂದರಿನ ಅಭಿವೃದ್ಧಿ ಕುರಿತು ಸಲಹೆ" ಎಂದಿದ್ದರೆ ವಾಪಸ್ ಕೊಡಿ. "ಹರಾಜು ಕಟ್ಟೆಯಿಂದ ಗಾಡಿಗೆ ಮೀನು ಏರುವ ಹೊತ್ತು ಅರ್ಧಕ್ಕೆ ಇಳಿಯಬೇಕು" ಎಂಬಂಥ ಒಂದು ಸಾಲು ಇರಬೇಕು. ಆದೇಶದಲ್ಲಿ ಸಹಿ ಹಾಕುವ ಅಧಿಕಾರ ಇರುವ ಅಧಿಕಾರಿಯ ಪದನಾಮ ಇರಬೇಕು. ಹೆಸರಲ್ಲ, ಪದನಾಮ. ಯಾಕೆಂದರೆ ಅವರು ನಾಳೆ ವರ್ಗವಾಗಬಹುದು. ಆ ಕಚೇರಿಯ ಒಬ್ಬ ಗುಮಾಸ್ತರನ್ನೋ ವ್ಯವಸ್ಥಾಪಕರನ್ನೋ ನಿಮ್ಮ ಜೊತೆ ಹಾಕಿಸಿಕೊಳ್ಳಿ. ಫೈಲ್ ಎಲ್ಲಿ ಸಿಕ್ಕಿಕೊಂಡಿದೆ ಎಂದು ಹೇಳಬಲ್ಲವರು ಅವರೇ. ಮೊದಲ ತಿಂಗಳು ಏನೂ ಹೇಳಬೇಡಿ, ಸುಮ್ನೆ ಅವರ ಪಕ್ಕ ಕೂತು ಟಪಾಲು ಹೇಗೆ ಬರುತ್ತದೆ, ಹೇಗೆ ಹೋಗುತ್ತದೆ ನೋಡಿ. ನೀವು ಕೊಡುವ ಸಲಹೆ ಬಾಯಿಮಾತಿನಲ್ಲಿ ಬೇಡ. ಬರೆದೇ ಕೊಡಿ. ಮಾಹಿತಿ ಹಕ್ಕಿನಲ್ಲಿ ಅದನ್ನು ಯಾರು ಬೇಕಾದರೂ ಕೇಳಬಹುದು ಎಂಬ ಎಚ್ಚರ ಇಟ್ಟುಕೊಂಡೇ ಬರೆಯಿರಿ.

ಗೌರವಧನ ಬೇಡ ಅನ್ನಬೇಡಿ. ಸಣ್ಣದಾದರೂ ತಗೊಳ್ಳಿ. ಬಿಟ್ಟಿ ಸಲಹೆಗೆ ಕಚೇರಿಯಲ್ಲಿ ಬೆಲೆ ಇಲ್ಲ, ಅದು ನನ್ನ ಅನುಭವ. ಬೇಡ ಅಂದರೆ ಕಾನೂನಿನಿಂದ ಪಾರು ಎಂದೂ ತಿಳಿಯಬೇಡಿ. 1988ರ ಭ್ರಷ್ಟಾಚಾರ ತಡೆ ಕಾಯ್ದೆಯಲ್ಲಿ ಸಾರ್ವಜನಿಕ ನೌಕರ ಯಾರು ಎಂಬ ವ್ಯಾಖ್ಯೆ ದೊಡ್ಡದು. ಸರ್ಕಾರದ ಸಂಬಳದವರು ಮಾತ್ರ ಅಲ್ಲ, ಸಾರ್ವಜನಿಕ ಕರ್ತವ್ಯ ಮಾಡಬೇಕಾದ ಸ್ಥಾನದಲ್ಲಿ ಕೂತವರೂ ಅದರೊಳಗೆ ಬರುತ್ತಾರೆ.

ಹಾಗಾಗಿ ಈಗ ಮಗನ ವಿಷಯ. ಪ್ಲಾಂಟ್ ಈಗ ಮಗ ನೋಡಿಕೊಳ್ಳುತ್ತಾರೆ ಎಂಬುದು ನಿಮ್ಮ ಮಾತು. ಊರವರ ಲೆಕ್ಕದಲ್ಲಿ ಅದು ನಿಮ್ಮದೇ. ಬಂದರಿನ ಐಸ್, ಸಾಗಾಟ, ಹರಾಜು ಕಟ್ಟೆ, ಇವುಗಳ ಷರತ್ತು ಬರೆಯುವ ಮೇಜಿನಲ್ಲಿ ನೀವು ಕೂತು, ಅದೇ ಟೆಂಡರಿಗೆ ಮಗ ದರ ಹಾಕಿದರೆ, ನೀವು ಎಷ್ಟೇ ಪ್ರಾಮಾಣಿಕರಿದ್ದರೂ ಆ ಟೆಂಡರ್ ನಿಲ್ಲುವುದಿಲ್ಲ. ಸೋತವರು ಕೋರ್ಟಿಗೆ ಹೋಗುತ್ತಾರೆ. ನಿಮ್ಮನ್ನು ಕರೆದ ಅಧಿಕಾರಿಗೂ ಕುತ್ತು. ನೀವು ಕೊಟ್ಟ ಒಳ್ಳೆಯ ಸಲಹೆಯೂ ಅದರ ಜೊತೆಗೇ ಬಿದ್ದುಹೋಗುತ್ತದೆ. ಬಾಡಿಗೆ ಗಾಡಿ, ಅಳಿಯನ ಏಜೆನ್ಸಿ, ಪಾಲುದಾರಿಕೆ, ಎಲ್ಲಕ್ಕೂ ಇದೇ ಮಾತು. ನಿಮಗೂ ಮನೆಯವರಿಗೂ ಏನೇನು ವ್ಯವಹಾರ ಇದೆ ಎಂದು ಮೊದಲ ದಿನವೇ ಬರೆದು ಕೊಟ್ಟು ಸ್ವೀಕೃತಿ ಪಡೆಯಿರಿ. ನಿಮ್ಮ ಅವಧಿಯಲ್ಲಿ, ಮತ್ತು ನೀವು ಕೈ ಹಾಕಿದ ಕೆಲಸದ ಟೆಂಡರ್ ಮುಗಿಯುವವರೆಗೆ, ಮನೆಯವರು ಅದಕ್ಕೆ ಅರ್ಜಿ ಹಾಕುವುದಿಲ್ಲ ಎಂದೂ ಬರೆಯಿರಿ.

ಇದು ನಿಮಗೆ ನಷ್ಟದ ಬಾಬ್ತು ಇರಬಹುದು. ಹಾಗಿದ್ದರೆ ಸಲಹೆಗಾರರಾಗಬೇಡಿ, ತಪ್ಪೇನಿಲ್ಲ. ಹೊರಗಿದ್ದೇ ಹೇಳುವ ದಾರಿ ಇದೆ. ಟೆಂಡರ್ ಪೂರ್ವ ಸಭೆಗೆ ಬರುವ ಎಲ್ಲರ ಎದುರು ಜೂನ್, ಜುಲೈ ಪ್ರಶ್ನೆ ನೀವೂ ಕೇಳಬಹುದು. ಉತ್ತರ ನಡಾವಳಿಯಲ್ಲಿ ಬರುತ್ತದೆ, ಎಲ್ಲ ಅರ್ಜಿದಾರರಿಗೂ ಸಿಗುತ್ತದೆ, ನಿಮ್ಮ ಮೇಲೆ ಯಾರೂ ಬೆರಳು ತೋರಿಸುವಂತಿಲ್ಲ. ಐಟಿಐ ಕೆಲಸಕ್ಕಂತೂ ಇದ್ಯಾವುದೂ ಅಡ್ಡ ಬರುವುದಿಲ್ಲ.

ಮಗನ ಜೊತೆ ಕೂತು ಮೊದಲು ಇದನ್ನು ತೀರ್ಮಾನಿಸಿ. ಬಂದರಿನ ಮುಂದಿನ ಗುತ್ತಿಗೆಗೆ ಅರ್ಜಿ ಹಾಕುವ ಆಲೋಚನೆ ಇದ್ದರೆ, "ಸಲಹೆಗಾರನಾಗಿ ಬರಲು ಆಗುವುದಿಲ್ಲ, ಟೆಂಡರ್ ಪೂರ್ವ ಸಭೆ ಕರೆಯಿರಿ, ಖಂಡಿತ ಬರುತ್ತೇನೆ" ಎಂದು ಆ ಅಧಿಕಾರಿಗೆ ಒಂದು ಪತ್ರ ಬರೆಯಿರಿ. ಟಪಾಲು ವಿಭಾಗದಲ್ಲಿ ಕೊಟ್ಟು, ನಿಮ್ಮ ಪ್ರತಿಯ ಮೇಲೆ ಮೊಹರು ಹಾಕಿಸಿಕೊಂಡು ಬನ್ನಿ.